ನಾಲ್ಕನೆಯ ತಪ್ಪು

ಮನುಷ್ಯನಾದವನು ಒಪ್ಪಿಕೊಳ್ಳಲಿಕ್ಕೆಂದೇ ಒಂದೆರಡು ಸಣ್ಣ ತಪ್ಪುಗಳನ್ನು ಸದಾ ಕೈಗೆಟುಕುವಂತೆ ಇಟ್ಟುಕೊಂಡಿರಬೇಕು. ನನ್ನ ಹತ್ತಿರ ಮೂರಿವೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿತೋ, ನಿದ್ದೆ ಹೋಗಿ, ಇಳಿಯಬೇಕಾದ ಡೊಂಬಿವಲಿ ದಾಟಿ ಕಲ್ಯಾಣದಲ್ಲಿ ಕಣ್ಣು ಬಿಡುತ್ತೇನೆ. ಕೊತ್ತಂಬರಿ ತರಲು ಹೇಳಿದರೆ ಮೆಂತ್ಯ ತರುತ್ತೇನೆ. ಹೆಂಡತಿ ಮಾತಾಡುತ್ತಿರುವಾಗ ಪೇಪರು ಓದುತ್ತೇನೆ. ಯಾರಾದರೂ ನನ್ನ ದೋಷ ಕೇಳಿದರೆ ಈ ಮೂರನ್ನೂ ಸಾಲಾಗಿ ಮುಂದಿಡುತ್ತೇನೆ. ಕೇಳಿದವರು ನಗುತ್ತಾರೆ, ಪಾಪ, ಎಷ್ಟು ಸರಳ ಮನುಷ್ಯ ಎಂದುಕೊಳ್ಳುತ್ತಾರೆ, ನಾಲ್ಕನೆಯದನ್ನು ಕೇಳುವುದಿಲ್ಲ. ಈ ವಿದ್ಯೆಯನ್ನು ನಾನು ಕಲಿತದ್ದು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ.

ಅಲ್ಲೊಂದು ಸೇಫ್ಟಿ ವಾಲ್ವ್ ಮಾಡುವ ಕಾರ್ಖಾನೆ. ಬಾಯ್ಲರಿನೊಳಗೆ ಒತ್ತಡ ಮಿತಿ ಮೀರಿದಾಗ ತಾನೇ ಬಾಯಿ ತೆರೆದು ಹಬೆಯನ್ನು ಹೊರಗೆ ಬಿಡುವ ಸಾಮಾನು ಅದು. ನಾನು ಅಲ್ಲಿ ಕ್ವಾಲಿಟಿ ವಿಭಾಗದ ಸಾಹೇಬ. ಗೋಡೆಯ ಮೇಲೆ ಗುಣಮಟ್ಟದ ಸರ್ಟಿಫಿಕೇಟು ತೂಗದಿದ್ದರೆ ಆರ್ಡರೇ ಸಿಗದ ಕಾಲ. ಆ ಸರ್ಟಿಫಿಕೇಟು ಗೋಡೆಯಲ್ಲಿ ಉಳಿಯಬೇಕಾದರೆ ಆರು ತಿಂಗಳಿಗೊಮ್ಮೆ ನಮ್ಮನ್ನು ನಾವೇ ತಪಾಸಣೆ ಮಾಡಿಕೊಳ್ಳಬೇಕು. ಯಾವ ವಿಭಾಗ, ಯಾವ ದಿನ, ಏನೇನು ನೋಡುವುದು ಎಂಬ ಪಟ್ಟಿ ಮಾಡುವುದು ನನ್ನ ಕೆಲಸ. ಎಲ್ಲಿ ತೊಂದರೆಯಿದೆಯೋ ಅಲ್ಲಿ ನೋಡಿ ಎಂದು ಪುಸ್ತಕ ಹೇಳುತ್ತದೆ. ಪುಸ್ತಕಕ್ಕೇನು, ಅದಕ್ಕೆ ಮ್ಯಾನೇಜರನಿಲ್ಲ. ತಪ್ಪೇ ಸಿಗಲಿಲ್ಲ ಎಂದು ಬರೆದರೆ ಹೊರಗಿನ ಆಡಿಟರ್ ಅನುಮಾನಪಡುತ್ತಾನೆ. ದೊಡ್ಡ ತಪ್ಪು ಸಿಕ್ಕಿತು ಎಂದು ಬರೆದರೆ ಸರ್ಟಿಫಿಕೇಟು ಗೋಡೆ ಬಿಟ್ಟು ಇಳಿಯುತ್ತದೆ. ಆದ್ದರಿಂದ ಐದಾರು ಸಣ್ಣ ತಪ್ಪುಗಳು ಬೇಕು. ನಾವು ಮೊದಲು ತಪ್ಪುಗಳನ್ನು ಗೊತ್ತುಮಾಡಿಕೊಂಡು, ಅವು ಸಿಗುವ ಜಾಗಗಳನ್ನು ಆಮೇಲೆ ಪಟ್ಟಿಗೆ ಸೇರಿಸುತ್ತಿದ್ದೆವು.

ಪಟ್ಟಿಯ ಕಾಲ ಬಂದರೆ ನನಗೆ ಎಲ್ಲಿಲ್ಲದ ಮರ್ಯಾದೆ. ಸ್ಟೋರ್ಸಿನ ಸಾವಂತ್ ಚಹಾ ತರಿಸಿ, "ಫೈರ್ ಬಾಟ್ಲೇ ಪೇ ಟ್ಯಾಗ್ ನಹೀಂ ಹೈ, ಲಿಖ್ ಲೋ ರಾವ್‌ಸಾಬ್" ಎನ್ನುತ್ತಿದ್ದ. ಬೆಂಕಿ ಆರಿಸುವ ಬಾಟಲಿಯ ಟ್ಯಾಗು ಆಗಷ್ಟೇ ಅವನ ಕಿಸೆ ಸೇರಿರುತ್ತಿತ್ತು. ಖರೀದಿ ವಿಭಾಗದ ಮೇಡಂ ಒಮ್ಮೆ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಸತತ ಎರಡು ಸಲ ಅವರಿಗೆ ಒಂದೇ ತಪ್ಪು ಕೊಟ್ಟಿದ್ದೆನಂತೆ, ಅವರ ವಿಭಾಗ ಸುಧಾರಿಸುತ್ತಲೇ ಇಲ್ಲ ಎಂದು ಕಾಣುವುದಿಲ್ಲವೇ! ಮೂರನೆಯ ಸಲ ಬೇರೆ ತಪ್ಪು ಕೊಟ್ಟು ಸಮಾಧಾನ ಮಾಡಿದೆ.

ನಗಬೇಡಿ, ನಿಮ್ಮ ಮನೆಯಲ್ಲೂ ಇದೇ ನಡೆಯುತ್ತದೆ. ನೆರೂಳದಿಂದ ನನ್ನ ತಂಗಿ ಬರುತ್ತಾಳೆಂದರೆ ನನ್ನ ಹೆಂಡತಿ ಹಾಲ್ ಗುಡಿಸಿ ಒರೆಸಿ, ಹಾಳುಮೂಳನ್ನೆಲ್ಲ ಒಳಗಿನ ಕೋಣೆಗೆ ತುಂಬಿ ಚಿಲಕ ಹಾಕುತ್ತಾಳೆ. ಕಿಟಕಿಯ ಒಂದು ಪರದೆಯನ್ನು ಮಾತ್ರ ಬೇಕೆಂದೇ ಒಗೆಯುವುದಿಲ್ಲ. "ಅಯ್ಯೋ, ಈ ಪರದೆ ಒಂದು ಒಗೀಲಿಕ್ಕೇ ಆಗ್ಲಿಲ್ಲ ಮಾರಾಯ್ತಿ" ಎಂದು ಬಾಗಿಲಲ್ಲೇ ಹೇಳಿಬಿಟ್ಟರೆ ತಂಗಿಯ ಕಣ್ಣು ಪರದೆಯಿಂದ ಆಚೆ ಹೋಗುವುದಿಲ್ಲ. ನಾನು ಕಂಪೆನಿಯಲ್ಲಿ ಸಂಬಳ ತೆಗೆದುಕೊಂಡು ಮಾಡುತ್ತಿದ್ದದ್ದೂ ಪರದೆಯ ಕೆಲಸವೇ.

ನಮ್ಮ ಒಳಗಿನ ಕೋಣೆ ಎಂದರೆ ಟೆಸ್ಟ್ ಬೆಂಚು. ತಯಾರಾದ ವಾಲ್ವು ಸರಿಯಾದ ಒತ್ತಡಕ್ಕೇ ಬಾಯಿ ತೆರೆಯುತ್ತದೋ ಎಂದು ಅದರ ಮೇಲಿಟ್ಟು, ಒತ್ತಡ ತೋರಿಸುವ ಗೇಜಿನಲ್ಲಿ ನೋಡುತ್ತಾರೆ. ನೋಡುವವನು ಮಲ್ಲಪ್ಪ, ವಿಜಯಪುರದ ಕಡೆಯವನು, ನಲವತ್ತು ದಾಟಿದ ಕಾಂಟ್ರಾಕ್ಟ್ ಆಳು, ವಿಠ್ಠಲವಾಡಿಯಿಂದ ಬರುತ್ತಿದ್ದ. ಆ ವರ್ಷ ಪಟ್ಟಿ ಮಾಡುತ್ತಿದ್ದಾಗ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ. "ಸಾಹೇಬ್ರ, ಈ ಸಲ ನಮ್ಮ ಬೆಂಚೂ ಹಾಕ್ರಿ. ಗೇಜಿನ ಮುಳ್ಳ ಸೊನ್ನಿಗಿ ಬರವಲ್ದು, ಎರಡ ಗೆರಿ ಮ್ಯಾಲೇ ನಿಂದರ್ತೈತಿ. ನಾಳಿ ಮಾಲ್ ತಿರುಗಿ ಬಂದ್ರ ನನ್ನ ಕೊಳ್ಳಿಗೇ ಬರ್ತೈತ್ರಿ. ನಾ ಬುಕ್ಕಿನ್ಯಾಗ ಬರ್ದೀನಿ, ನೀವಽ ನೋಡ್ರಿ ಬೇಕಾರ."

ನೋಡಿದೆ. ಬೆಂಚಿನ ದಿನಚರಿ ಪುಸ್ತಕದಲ್ಲಿ, ಷರಾ ಬರೆಯುವ ಕಾಲಮಿನಲ್ಲಿ, ಎರಡು ಕಡೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆದಿದ್ದ: ಮುಳ್ಳು ಸೊನ್ನಿಗಿ ಬರವಲ್ದು. ಅವನಿಗೆ ಬರೆಯಲು ಬರುತ್ತಿದ್ದದ್ದು ಆ ಒಂದೇ ಭಾಷೆ. ಇಡೀ ಕಾರ್ಖಾನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಕೊನೆಗೂ ಒಂದು ನಿಜವಾದ ತಪ್ಪು ಸಿಕ್ಕಿತಲ್ಲ ಎಂದು ನನಗೆ ಹುರುಪೇ ಬಂತು. ಟೆಸ್ಟ್ ಬೆಂಚನ್ನು ಪಟ್ಟಿಯ ಮೊದಲ ಸಾಲಿನಲ್ಲಿಯೇ ಹಾಕಿದೆ.

ಫ್ಯಾಕ್ಟರಿ ಮ್ಯಾನೇಜರ್ ಜೋಶಿಯವರು ಪಟ್ಟಿ ನೋಡಿ ಕನ್ನಡಕ ತೆಗೆದರು. "ರಾವ್, ಯೇ ಕಾಯ್‌ಕೋ ಡಾಲಾ?" ಎಂದು, ಬೆಂಚಿನ ಸಾಲನ್ನು ಯಾಕೆ ಹಾಕಿದೆ ಎಂದು ಕೇಳಿದರು. ನಾನು ಮುಳ್ಳಿನ ಕತೆ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನ್ನ ಮಾನವಾದರೂ ಉಳಿಯುತ್ತಿತ್ತು. ಮಗುವಿಗೆ ಹೇಳುವಂತೆ ವಿವರಿಸಿದರು: ಕಾಗದದ ಮೇಲೆ ಬಂದರೆ ಬೆಂಚು ನಿಲ್ಲಿಸಬೇಕು, ಬೆಂಚು ನಿಂತರೆ ಮಾಲು ಹೊರಡುವುದಿಲ್ಲ, ಈಗಾಗಲೇ ಹೋದ ಮಾಲಿನ ಗತಿಯೇನು ಎಂದು ಗಿರಾಕಿ ಕೇಳುತ್ತಾನೆ. ಗೇಜನ್ನು ಆಮೇಲೆ ಸದ್ದಿಲ್ಲದೆ ಬದಲಿಸೋಣ. ನಾನು ತಲೆಯಾಡಿಸಿ ಬಂದು ಆ ಸಾಲನ್ನು ಅಳಿಸಿ, ಕ್ಯಾಂಟೀನಿನ ಪ್ರಥಮ ಚಿಕಿತ್ಸೆಯ ಡಬ್ಬಿ ಎಂದು ತುಂಬಿದೆ. ಮಲ್ಲಪ್ಪನಿಗೆ ನಿಯಮ ಹೇಳಿದೆ: ಬೆಂಚು ನನ್ನದೇ ವಿಭಾಗಕ್ಕೆ ಸೇರಿದ್ದು, ತನ್ನ ವಿಭಾಗವನ್ನು ತಾನೇ ಆಡಿಟ್ ಮಾಡುವಂತಿಲ್ಲ. ನಿಯಮವೇನೋ ನಿಜ. ಬೇರೆಯವರಿಂದ ಮಾಡಿಸಬಹುದು ಎಂಬ ಅದರ ಉಳಿದರ್ಧವನ್ನು ನಾನು ಹೇಳಲಿಲ್ಲ. "ಹಂಗೇನ್ರಿ? ಆತು ತಗೋರಿ" ಎಂದು ಅವನು ಹೋದ. ಹೊರಗಿನ ಆಡಿಟರ್ ಬಂದು, ಇಷ್ಟು ಸಮಗ್ರವಾದ ಪಟ್ಟಿಯನ್ನು ತಾನು ನೋಡಿಯೇ ಇಲ್ಲ ಎಂದು ನನ್ನ ಕೈ ಕುಲುಕಿದ.

ಎರಡು ತಿಂಗಳಿಗೆ ಮಾಲು ತಿರುಗಿ ಬಂತು. ಹೇಳಿದ ಒತ್ತಡ ಮುಟ್ಟುವ ಮೊದಲೇ, ಮುಳ್ಳು ಹೆಚ್ಚಿಗೆ ತೋರಿಸಿದ ಎರಡು ಗೆರೆಯಷ್ಟು ಕೆಳಗೇ, ನಮ್ಮ ವಾಲ್ವುಗಳು ಬಾಯಿ ಬಿಡುತ್ತಿದ್ದವು. ಹಿಂದೆಯೇ ಗಿರಾಕಿಯ ಇನ್‌ಸ್ಪೆಕ್ಟರ್ ಬಂದ. ಅಂದು ಬೆಳಿಗ್ಗೆಯೇ ಮಲ್ಲಪ್ಪನನ್ನು ಸ್ಟೋರ್ಸಿನ ಕೆಲಸಕ್ಕೆ ಅಟ್ಟಿ ಬೆಂಚಿಗೆ ಹೊಸ ಗೇಜು ಏರಿಸಿಯಾಗಿತ್ತು, ಮುಳ್ಳು ಶಿಸ್ತಾಗಿ ಸೊನ್ನೆಯಲ್ಲಿತ್ತು. ಅವನು ದಿನಚರಿ ತಿರುವಿ ಮಲ್ಲಪ್ಪನ ಅಕ್ಷರದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದ. ಜೋಶಿಯವರು ನನ್ನ ಕಡೆ ತಿರುಗಿದರು. ನಾನು ಓದಿ ಅರ್ಥ ಹೇಳಿದೆ. ಏನು ಹೇಳಿದೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ವಾಲ್ವು ಕೆಡಲು ಕಾರಣ ಆಪರೇಟರನ ಅಜಾಗರೂಕತೆ ಎಂದು ವರದಿಯಾಯಿತು, ಮರುದಿನದಿಂದ ಮಲ್ಲಪ್ಪನನ್ನು ಗೇಟಿನೊಳಗೆ ಬಿಡಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಎಂದಿನಂತೆ ನಿದ್ದೆ ಹೋಗಿ ಕಲ್ಯಾಣದಲ್ಲಿ ಇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಮಲ್ಲಪ್ಪ ವಿಠ್ಠಲವಾಡಿಯ ಗಾಡಿಗೆ ಕಾಯುತ್ತಿದ್ದ. ಈಗ ಲೋಡಿಂಗ್ ಕೆಲಸವಂತೆ, ಹೆಗಲ ಮೇಲಿನ ಟವೆಲು ಸಿಮೆಂಟಿನಿಂದ ಬೆಳ್ಳಗಾಗಿತ್ತು. ನಾನು ಕಂಬದ ಮರೆಗೆ ಸರಿಯುವುದರೊಳಗೆ ಅವನೇ ನೋಡಿಬಿಟ್ಟ. "ನಮಸ್ಕಾರ್ರಿ ಸಾಹೇಬ್ರ. ಆ ಮುಳ್ಳ ಬದ್ಲಿ ಮಾಡಿದ್ರೇನ್ರಿ?" ಎಂದ.

"ಮಾಡಿದ್ದೇವೆ" ಎಂದೆ.

"ಛಲೋ ಆತು. ಮತ್ತ... ನಾ ಬರ್ದಿದ್ದು ಆ ಇನ್ಸಪೆಕ್ಟರ ಸಾಹೇಬ್ರಿಗೆ ಓದಿ ಹೇಳಿದ್ರಿಲ್ರಿ?"

"ಹೇಳಿದೆ ಮಲ್ಲಪ್ಪ."

"ನೀವು ಹೇಳ್ತೀರಿ, ನನಗ ಗೊತ್ತಿತ್ರಿ. ಅಲ್ಲಿ ನಮ್ಮವ್ರು ಅಂತ ನೀವೊಬ್ರ ಇದ್ರಿ" ಎಂದ. ಗಾಡಿ ಬಂತು, ಹತ್ತಿಹೋದ.

ಇನ್‌ಸ್ಪೆಕ್ಟರನಿಗೆ ನಾನು ಹೇಳಿದ ಅರ್ಥ ಇಷ್ಟೇ: "ಬೆಂಚನ್ನು ಒರೆಸಿದ್ದೇನೆ ಎಂದು ಬರೆದಿದ್ದಾನೆ." ಅಲ್ಲಿ ಅದನ್ನು ಸುಳ್ಳೆನ್ನಬಲ್ಲವರು ಯಾರೂ ಇರಲಿಲ್ಲ. ನನಗೆ ನಾಚಿಕೆಯಾಗುತ್ತದೆ. ಆಗುತ್ತದೆ ಎಂದು ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ, ಏಕೆಂದರೆ ಆಮೇಲೂ ಏಳು ವರ್ಷ ಅದೇ ಕುರ್ಚಿಯಲ್ಲಿ ಕೂತು ಪಟ್ಟಿ ಮಾಡಿದವನು ನಾನು.

ಆ ದಿನ ಕಲ್ಯಾಣದಿಂದ ವಾಪಸು ಗಾಡಿ ಹಿಡಿದು ಡೊಂಬಿವಲಿಯ ಮನೆ ಸೇರಿದಾಗ ಹೆಂಡತಿ ಬಾಗಿಲಲ್ಲಿಯೇ ನಿಂತಿದ್ದಳು. "ಎಂಥ ಇಷ್ಟು ತಡ? ಮುಖ ಯಾಕೆ ಹೀಗುಂಟು?" ಎಂದಳು.

"ಪುನಃ ನಿದ್ದೆ ಬಂತು ಮಾರಾಯ್ತಿ, ಕಲ್ಯಾಣ ನೋಡಿ ಬಂದೆ" ಎಂದು ಕೈಯಲ್ಲಿದ್ದ ಚೀಲ ಕೊಟ್ಟೆ. ಅವಳು ಚೀಲ ಬಿಚ್ಚಿ ನೋಡಿದಳು. ಕೊತ್ತಂಬರಿಯ ಬದಲು ಮೆಂತ್ಯ. ನಕ್ಕು ಒಳಗೆ ಹೋದಳು, ಬೇರೇನೂ ಕೇಳಲಿಲ್ಲ.