ಮೈಕು ಹಿಡಿದು ನಾನು ಹೇಳಿದ ಮಲಯಾಳಂ ಸಿನಿಮಾ

ನನಗೆ ಮಲಯಾಳಂ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಎಷ್ಟೆಂದರೂ ನನ್ನ ಚಿಕ್ಕಮ್ಮನ ಮನೆ ಕಾಸರಗೋಡಿನಲ್ಲಿ! ಬಾಲ್ಯದಲ್ಲಿ ಎರಡು ಬೇಸಗೆ ರಜೆಗಳನ್ನು ಅಲ್ಲಿ ಕಳೆದವನು. ಆಡಿದ್ದೆಲ್ಲ ತುಳುವಿನಲ್ಲಿ ಎಂಬುದು ಬೇರೆ ಮಾತು.

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲೇ ಕಣ್ಣೂರಿನ ಅಬೂಬಕ್ಕರ್ ಇದ್ದ. ನಾವಿಬ್ಬರೂ ಮಹಾಪೆಯ ಕಾರ್ಖಾನೆಗಳಿಗೆ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಹೋಗುವವರು. ಮೊದಲ ದಿನ ಅವನು ಹಿಂದಿಯಲ್ಲಿ "ಮಲಯಾಳಂ ಬರುತ್ತದಾ?" ಎಂದು ಕೇಳಿದ. ಬರುತ್ತದೆ ಎಂದೆ. ಅವನ ಮುಖ ಅರಳಿತು. "ದಿನವಿಡೀ ಹಿಂದಿ ಆಡಿ ಬಾಯಿ ಒಣಗಿದೆ. ನಿನ್ನ ಜೊತೆ ಮಾತಾಡಿದರೆ ಊರಿಗೆ ಹೋಗಿ ಬಂದ ಹಾಗೆ" ಎಂದ. ಹಾಗೆಂದವನಿಗೆ ನಿಜ ಹೇಳುವುದು ಹೇಗೆ? ಹನ್ನೊಂದು ವರ್ಷ ಅವನು ಮಲಯಾಳದಲ್ಲಿ ಮಾತಾಡಿದ. ಹನ್ನೊಂದು ವರ್ಷ ನಾನು "ಶೆರಿ, ಶೆರಿ" ಎಂದು ತಲೆಯಾಡಿಸಿದೆ. ಸರಿ ಎಂಬುದಕ್ಕೆ ಅವರು ಹಾಗೆನ್ನುತ್ತಾರೆ. ನನ್ನ ಸಮಸ್ತ ಪಾಂಡಿತ್ಯ ಅದೊಂದೇ.

ಸೊಸೈಟಿಯ ವಾರ್ಷಿಕೋತ್ಸವಕ್ಕೆ ಅಬೂಬಕ್ಕರ್ ಊರಿನಿಂದ ಒಂದು ಸಿನಿಮಾ ತಂದ. ದೇವಸ್ಥಾನದಲ್ಲಿ ಚೆಂಡೆ ಬಾರಿಸುವವನಿಗೂ ಅದೇ ಊರಿನ ಮುಸ್ಲಿಂ ದರ್ಜಿಗೂ ಇರುವ ಗೆಳೆತನದ ಕಥೆ. "ಇದು ನಾವಿಬ್ಬರೇ" ಎಂದು ನನ್ನ ಹೆಗಲು ತಟ್ಟಿದ. ಅದಕ್ಕೆ ಸಬ್‌ಟೈಟಲ್ ಇಲ್ಲ ಎಂದು ತಿಳಿದದ್ದು ಜನ ಬಂದು ಕೂತ ಮೇಲೆ!

"ಹಿಂದಿಯಲ್ಲಿ ರಾವ್ ಹೇಳುತ್ತಾನೆ" ಎಂದು ಅಬೂಬಕ್ಕರ್ ಘೋಷಿಸಿದ. "ನಾನು ಹೇಳಹೊರಟರೆ ಅತ್ತುಬಿಡುತ್ತೇನೆ."

ನನ್ನ ಕೈಗೆ ಮೈಕು ಬಂತು. ನನ್ನ ಹೆಂಡತಿ ಸರೋಜ ಪಿಸುಗುಟ್ಟಿದಳು: "ನಿಮಗೆ ಮಲಯಾಳ ಎಲ್ಲಿ ಬರ್ತದೆ ಮಾರಾಯ್ರೇ?"

"ಸುಮ್ಮನಿರು. ಚಿತ್ರ ಕಾಣ್ತದಲ್ಲ!"

ಹತ್ತು ನಿಮಿಷ ಯಾವ ಅನಾಹುತವೂ ಆಗಲಿಲ್ಲ. ಮಳೆ ಬಂದಾಗ ಮಳೆ ಬಂತು ಎಂದೆ. ಆಮೇಲೆ ಚೆಂಡೆಯವನೂ ದರ್ಜಿಯೂ ಗಟ್ಟಿಯಾಗಿ ಮಾತಾಡಿಕೊಂಡರು. ಜಗಳವೆಂದುಕೊಂಡು "ನಿನ್ನ ಕಾಲು ಮುರೀತೇನೆ" ಎಂದು ದರ್ಜಿಯ ಬಾಯಲ್ಲಿ ಹೇಳಿಸಿದೆ. ಮರುಕ್ಷಣವೇ ಇಬ್ಬರೂ ಅಪ್ಪಿಕೊಂಡು ನಕ್ಕರು! ಹೋಗಲಿ, ಮುಂದೆ ದರ್ಜಿ ಕಣ್ಣೊರೆಸಿಕೊಳ್ಳುತ್ತ ಬಿಳಿ ಬಟ್ಟೆ ಕತ್ತರಿಸತೊಡಗಿದ. ಕೇರಳದಲ್ಲಿ ಮದುವೆಗೂ ಬಿಳಿಯೇ ಅಲ್ಲವೇ? "ಚೆಂಡೆಯವನ ತಂಗಿಗೆ ಮದುವೆ ನಿಶ್ಚಯವಾಗಿದೆ. ಇದು ಆನಂದಬಾಷ್ಪ!" ಎಂದು ಗಂಭೀರವಾಗಿ ಸಾರಿದೆ. ಸಭೆ ಚಪ್ಪಾಳೆ ತಟ್ಟಿತು.

ಆ ಬಟ್ಟೆಯನ್ನು ಯಾರ ಮೇಲೋ ಹೊದಿಸಿದರು.

ಮುಂದಿನ ಸಾಲಿನ ಹಿರಿಯ ಹೆಂಗಸು ಕುಲಕರ್ಣಿ ಕಾಕು ತಿರುಗಿ, ಮದುಮಗಳು ಮಲಗಿರುವುದೇಕೆ ಎಂದು ಕೇಳಿದರು: "ರಾವ್‌ಜೀ, ದುಲ್ಹನ್ ಸೋಯೀ ಕ್ಯೂಂ ಹೈ?"

"ಥಕ್ ಗಯೀ ಹೈ" ಎಂದೆ, ಮೈಕಿನಲ್ಲಿ. ಸುಸ್ತಾಗಿದ್ದಾಳಂತೆ!

ಸರೋಜ ನನ್ನ ತೊಡೆ ಚಿವುಟಿದಳು. "ಅಯ್ಯೋ, ಅದು ಚೆಂಡೆಯವನ ತಾಯಿ! ಸತ್ತಿದ್ದಾಳೆ! ನೀವು ಮದುವೆ ಮಾಡಿಸ್ತಿದ್ದೀರಿ!"

ಅಷ್ಟರಲ್ಲಿ ತೆರೆಯ ಮೇಲೆ ಚಟ್ಟ ಎತ್ತಿದರು; ಸಭೆ ಹೊಟ್ಟೆ ಹಿಡಿದು ನಕ್ಕಿತು. ನಗದವನು ಒಬ್ಬನೇ. ಅಬೂಬಕ್ಕರ್ ಎದ್ದು ಹೊರಗೆ ನಡೆದ.

ಮೈಕನ್ನು ಕಾಕುವಿನ ಮಡಿಲಿಗೆ ಹಾಕಿ ಓಡಿದೆ. ಗೇಟಿನ ಬಳಿ ಸಿಕ್ಕಿದ.

"ನಿನಗೆ ಮಲಯಾಳಂ ಬರುವುದಿಲ್ಲ" ಎಂದ, ಹಿಂದಿಯಲ್ಲಿ. ಹನ್ನೊಂದು ವರ್ಷಗಳಲ್ಲಿ ಅವನು ನನ್ನೊಡನೆ ಹಿಂದಿ ಆಡಿದ್ದು ಅಪರೂಪ.

"ಇಲ್ಲ. ತಪ್ಪಾಯಿತು."

"ಸಫಿಯಾಳ ನಿಕಾಹ್ ಕಣ್ಣೂರಿನಲ್ಲಿತ್ತು. ಮನೆಯವನಿಗೆ ಕಾರ್ಡೇಕೆ ಅಂತ ನಿನ್ನನ್ನು ಬಾಯಲ್ಲೇ ಕರೆದೆ. ನೀನು ಶೆರಿ ಅಂದೆ. ಬರಲಿಲ್ಲ!"

ಊರಿನಲ್ಲಿದ್ದ ಅವನ ಮಗಳ ಮದುವೆ! ಗಂಡಿನ ಕಡೆಯವರ ಮುಂದೆ ಇವನು ನನ್ನ ದಾರಿ ಕಾದಿರಬೇಕು.

"ಆಮೇಲೆ ಎರಡು ವರ್ಷ ದಿನಾ ಬಸ್ಸಿನಲ್ಲಿ ನಿನಗೆ ಬೈದೆ. ಕತ್ತೆ ಅಂದೆ, ಕೃತಘ್ನ ಅಂದೆ. ಎಲ್ಲದಕ್ಕೂ ನೀನು ಶೆರಿ ಅಂದೆ! ಇಷ್ಟು ಬೈದರೂ ಒಪ್ಪಿಕೊಳ್ಳುವವನು ಎಂಥ ದೊಡ್ಡ ಮನುಷ್ಯ ಅಂತ ನಾನೇ ಕ್ಷಮಿಸಿಬಿಟ್ಟೆ!"

"ಈಗ ಆ ಕ್ಷಮೆ...?" ಎಂದು ತೊದಲಿದೆ.

"ವಾಪಸ್ ತಗೊಂಡೆ!" ಎಂದವನೇ ಮಲಯಾಳದಲ್ಲಿ ಶುರು ಮಾಡಿದ. ಕೈ ಬೀಸಿ ಬೈದ, ಕಾಲು ನೆಲಕ್ಕೆ ಬಡಿದು ಬೈದ. ನಡುವೆ "ಥಕ್ ಗಯೀ ಹೈ" ನೆನಪಾಗಿ ಉಕ್ಕಿದ ನಗುವನ್ನು ನುಂಗಿ, ಮತ್ತೆ ಬೈದ. ವಾಚ್‌ಮನ್ ಕುರ್ಚಿ ಎಳೆದುಕೊಂಡು ಕೂತ. ಕೊನೆಗೆ ಉಸಿರು ಸಾಲದೆ ನನ್ನ ಹೆಗಲ ಮೇಲೆ ಕೈಯೂರಿ, ಉಳಿದದ್ದು ನಾಳೆ ಬಸ್ಸಿನಲ್ಲಿ ಎಂಬಂತೆ ರಸ್ತೆಯ ಕಡೆ ಬೆರಳು ತೋರಿಸಿದ.

ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಅವನ ಮಲಯಾಳದ ಪ್ರತಿಯೊಂದು ಮಾತೂ ನನಗೆ ಅರ್ಥವಾಯಿತು!