ಒಳಗೆ ಯಾರೋ ಇದ್ದಾರೆ

ಕನ್ನಡಕದಂಗಡಿಯವನು ಅಕ್ಕನ ಮುಂದೆ ನಿಂತು ಎದೆ ತಟ್ಟಿಕೊಂಡ.

"ನೋಡ್ತಾ ಇರು. ಈ ಸಲ ಕಸಿಯಾದವರ ಓಟದಲ್ಲಿ ಓಡಿ, ಪದಕ ತಂದು ನಿನ್ನ ಕೊರಳಿಗೇ ಹಾಕ್ತೀನಿ."

ತಟ್ಟಿಕೊಂಡ ಎದೆ ಅವನದೇ. ಹೊಟ್ಟೆಯೊಳಗೆ ದುಡಿಯುತ್ತಿದ್ದ ಕಿಡ್ನಿ ಮಾತ್ರ ಅಕ್ಕನದು. ಕಸಿಯಾಗಿ ವರ್ಷ ಕಳೆದಿದ್ದರೂ ಅವನು ಸೀನಿದರೆ ಸಾಕು, ಪಕ್ಕದ ಮನೆಯಿಂದ ಅಕ್ಕ ಎದ್ದುಬಿದ್ದು ಬರುತ್ತಿದ್ದಳು. ಪ್ರಾಣ ಉಳಿಸಿದವಳನ್ನು ಗದರಿಸುವುದಾದರೂ ಹೇಗೆ? ಓಡಿ ತೋರಿಸಿದರೆ ಅವಳ ಭಯ ಬಿಟ್ಟೀತು ಎಂಬುದೊಂದೇ ಅವನ ಆಸೆ.

"ಡಾಕ್ಟರು ಏನಂದ್ರು?"

"ನಿಧಾನಕ್ಕೆ ಶುರು ಮಾಡಿ, ಚೆನ್ನಾಗಿ ನೀರು ಕುಡೀರಿ, ಮುಂದಿನ ತಪಾಸಣೆಲಿ ನೋಡಿ ಹೇಳ್ತೀನಿ ಅಂದ್ರು."

"ಹಾಗಾದ್ರೆ ನಾನೂ ಹಿಂದೆ ಬರ್ತೀನಿ."

"ನೀನು ಹಿಂದೆ ಬಂದ್ರೆ ನಾನು ಓಡೋದೇ ಇಲ್ಲ."

"ಆಯ್ತಪ್ಪ, ಹಿಂದೆ ಬರಲ್ಲ."

ಇಷ್ಟು ಬೇಗ ಸೋಲುವುದು ಅಕ್ಕನ ಜಾಯಮಾನವೇ ಅಲ್ಲ. ಅವನಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಕಾಯಿಲೆಯ ದಿನಗಳಲ್ಲಿ ನೀರನ್ನು ಔಷಧಿಯ ಹಾಗೆ ಅಳೆದು ಗುಟುಕರಿಸಿದ್ದವನು ಈಗ ಸೊಂಟಕ್ಕೆ ಬಾಟ್ಲಿ ಕಟ್ಟಿ, ಗಟಗಟ ಕುಡಿದು ಓಟಕ್ಕಿಳಿದ. ಅಕ್ಕನ ಕಿಡ್ನಿ ಅಕ್ಕನಷ್ಟೇ ಚುರುಕು. ಕೊಟ್ಟ ಕೆಲಸವನ್ನು ಆ ಕ್ಷಣವೇ ಮುಗಿಸಿ ಮುಂದಕ್ಕೆ ಕಳಿಸಿಬಿಡುತ್ತಿತ್ತು. ಅದಕ್ಕೇ ಅವನು ಗೆಳೆಯರ ಶೌಚಾಲಯಗಳನ್ನು ನೋಡಿಕೊಂಡು ದಾರಿ ಗೊತ್ತುಮಾಡಿಕೊಂಡಿದ್ದ. ಮೊದಲು ಪೆಟ್ರೋಲ್ ಬಂಕ್, ಆಮೇಲೆ ರಾತ್ರಿ ಪಾಳಿಯ ಪ್ರೆಸ್ಸು, ಕೊನೆಗೆ ದರ್ಜಿಯ ಮನೆ.

ಬಂಕಿನ ಶೌಚಾಲಯದ ಬಾಗಿಲು ಹಾಕಿತ್ತು. "ಒಳಗೆ ಯಾರೋ ಇದ್ದಾರೆ," ಎಂದ ಬಂಕಿನವನು. ನಿಲ್ಲುವುದು ಓಡುವುದಕ್ಕಿಂತ ಕಷ್ಟವಾಗಿ ಪ್ರೆಸ್ಸಿಗೆ ಓಡಿದ. ಅಲ್ಲೂ ಯಾರೋ ಇದ್ದರು. ದರ್ಜಿಯ ಮನೆಯಲ್ಲೂ ಇದ್ದರು. "ಯಾರಯ್ಯಾ ಅದು?" ಎಂದರೆ ದರ್ಜಿ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದ.

ಮರುದಿನವೂ ಅದೇ ಕಥೆ.

"ಊರಿಗೆ ಊರೇ ಹೊಟ್ಟೆ ಕೆಟ್ಟಿದೆಯೇನೇ?" ಎಂದು ಹೆಂಡತಿಯನ್ನು ಕೇಳಿದ.

"ನೀವು ಹೋಗೋ ಹೊತ್ತಿಗೆ ಮಾತ್ರ ಕೆಡುತ್ತಾ?"

ಹೊತ್ತು ಬದಲಾಯಿಸಿ ನೋಡಿದ. ದಾರಿಯನ್ನು ತಿರುವುಮುರುವು ಮಾಡಿ, ಗುಟ್ಟಾಗಿ ಅಕ್ಕನೊಬ್ಬಳಿಗೇ ಹೇಳಿ ಹೋಗಿ ನೋಡಿದ. ಬಾಗಿಲುಗಳು ಜಪ್ಪಯ್ಯ ಅನ್ನಲಿಲ್ಲ. ದಿನವೂ ತಲೆ ಕೆಟ್ಟು, ಬಿಟ್ಟ ಬಾಣದ ಹಾಗೆ ಮನೆಗೆ ಹಾರಿ ಬರುತ್ತಿದ್ದ.

ತಪಾಸಣೆಯಲ್ಲಿ ಡಾಕ್ಟರು ಬೆರಗಾದರು. "ಇಷ್ಟು ವೇಗ ಎಲ್ಲಿಂದ ಬಂತು?"

"ಮನೋಬಲ, ಡಾಕ್ಟ್ರೇ."

ಬಲ ಬರುತ್ತಿದ್ದದ್ದು ಇನ್ನೂ ಕೆಳಗಿನಿಂದ. ಅದನ್ನು ಬಾಯಿ ಬಿಡಲಿಲ್ಲ. ಓಡಲು ಒಪ್ಪಿಗೆ ಸಿಕ್ಕಿತು.

ಮರುದಿನ ಬೆಳಿಗ್ಗೆ ಬಂಕಿನಲ್ಲಿ ತಾಳ್ಮೆ ತಪ್ಪಿ ಬಾಗಿಲು ಗುದ್ದಿದ. ತುಕ್ಕು ಹಿಡಿದ ಚಿಲಕ ಕಳಚಿ ಬಿತ್ತು. ಒಳಗೆ, ಅವನ ಹಳೆಯ ಬೂಟು ತೊಟ್ಟು ಗೋಡೆಗೆ ಅಂಟಿಕೊಂಡು ನಿಂತಿದ್ದವಳು ಅಕ್ಕ.

"ನೀನಾ?"

"ಹಿಂದೆ ಬರಬೇಡ ಅಂದೆ. ಮುಂದೆ ಹೋಗಬೇಡ ಅಂದಿದ್ಯಾ?"

ನಾಯಿ, ಗುಂಡಿ, ಜಾರುವ ನೆಲ ಎಲ್ಲವನ್ನೂ ನೋಡಿಕೊಂಡು ದಿನವೂ ಅವನಿಗಿಂತ ಮುಂದೆ ಓಡುತ್ತಿದ್ದಳಂತೆ. ಅವನು ಹತ್ತಿರ ಬಂದನೆಂದರೆ ಒಳಗೆ ಸೇರಿಕೊಳ್ಳುವುದು, ಅವನು ದಾಟಿದ ಮೇಲೆ ಅಡ್ಡದಾರಿ ಹಿಡಿದು ಮತ್ತೆ ಮುಂದಾಗುವುದು.

"ಇಷ್ಟು ದಿನ ನಾನು ತಡ್ಕೊಂಡು ಓಡಿದ್ದೀನಲ್ಲೇ!"

"ತಡ್ಕೊಂಡ್ಯಾ? ನನ್ನ ಕಿಡ್ನಿನ ಏನಂದ್ಕೊಂಡಿದೀಯೋ?"

"ಮೊದಲು ಆಚೆ ಬಾ."

ಓಟದಲ್ಲಿ ಅಂಗ ಕೊಟ್ಟವರಿಗೂ ಅವಕಾಶವಿತ್ತು. ಅಕ್ಕನೂ ಹೆಸರು ಕೊಟ್ಟಳು. ಓಟದ ದಿನ ಶುರುವಿನಿಂದಲೂ ಅವಳೇ ಮುಂದೆ, ಅವನು ಏದುಸಿರು ಬಿಡುತ್ತಾ ಹಿಂದೆ. ಕೊನೆಯ ತಿರುವಿನಲ್ಲಿ ನೋಡಿದರೆ ಅವಳೇ ಇಲ್ಲ. ಗಲಿಬಿಲಿಯಲ್ಲೇ ಗೆರೆ ದಾಟಿದ. ಓಟ ಮುಗಿಸಿದವರಿಗೆಲ್ಲ ಕೊಡುವ ಪದಕ ಅವನ ಕೊರಳಿಗೂ ಬಿತ್ತು. ಆಮೇಲೆ ಅಕ್ಕ ಬಂದಳು.

"ಕೊನೆಗೂ ನಿನ್ನ ಹಿಂದೆ ಹಾಕಿದೆ ನೋಡು!"

"ಹೂಂ ಕಣೋ. ನನ್ನ ಕೈಲಿ ಆಗಲಿಲ್ಲ."

ಹೇಳುವಾಗ ಅವಳಿಗೆ ಒಂದಿಷ್ಟೂ ಉಬ್ಬಸವಿರಲಿಲ್ಲ. ಅಷ್ಟರಲ್ಲಿ ತಿರುವಿನ ಶೌಚಾಲಯ ನೋಡಿಕೊಳ್ಳುವ ಹೆಂಗಸು ಬಾಟ್ಲಿ ಹಿಡಿದು ಓಡಿ ಬಂದಳು.

"ಅಮ್ಮಾ, ಇದನ್ನ ಒಳಗೇ ಬಿಟ್ಟು ಬಂದಿದ್ದೀರ. ಬಾಗಿಲ ಸಂದಿಲಿ ಕಾಯ್ತಾ ನಿಂತಿದ್ರಲ್ಲ, ನಿಮ್ಮ ತಮ್ಮ ದಾಟಿದ್ರಾ?"

ಕನ್ನಡಕದಂಗಡಿಯವನಿಗೆ ಆಗ ಕಣ್ಣು ಕಂಡಿತು. ಪದಕ ತೆಗೆದು ಅಕ್ಕನ ಕೊರಳಿಗೆ ಹಾಕಿದ. ಕಣ್ಣು ತುಂಬಿ ಹರಿಯಿತು.

"ಅಳಬೇಡ್ವೋ, ನೀರು ದಂಡ," ಎಂದು ಅಕ್ಕ ಬಾಟ್ಲಿ ಕೈಗಿಟ್ಟಳು. "ತಗೋ, ಕುಡಿ."