ಊಟ ಆದ್ಮೇಲೆ ಚಂದ್ರಲೋಕ

ಬೇರೆಯವರ ಮನೇಲಿ ಕೈ ಮುರಿದ್ರೆ ಪಟ್ಟಿ ಕಟ್ಟಿಸ್ಕೊಂಡು ಸುಮ್ಮನಾಗ್ತಾರೆ. ನಮ್ಮನೇಲಿ ಯಾವುದೂ ಹಂಗೆ ಸುಮ್ಮನೆ ಮುಗಿಯೋದೇ ಇಲ್ಲ.

ಕಬ್ಬಿನ ಲೋಡಿಗೆ ಹಗ್ಗ ಬಿಗೀತಾ ಟ್ರೈಲರ್ ಮೇಲಿಂದ ಬಿದ್ದೆ. ಬಲಗೈ ಮಣಿಕಟ್ಟು ಮುರೀತು. ಪಟ್ಟಿ ಬಿಚ್ಚಿದ ಮೇಲೂ ಬೆರಳು ಮಡಚಲಿಲ್ಲ. ಕಾರ್ಖಾನೇಲಿ ಕಬ್ಬು ಅರೆಯೋದು ಮತ್ತೆ ಶುರುವಾಗೋ ಹೊತ್ತಿಗೆ ಬೆರಳು ಬರದಿದ್ರೆ ಟ್ರಾಕ್ಟರ್ ಆಸೆ ಬಿಡಬೇಕು ಅಂದ್ರು ಶ್ರೀರಂಗಪಟ್ಟಣದ ಡಾಕ್ಟ್ರು. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನು ನಾನು. ಹಿಸುಕು ಅಂತ ಅವರು ಕೊಟ್ಟ ರಬ್ಬರ್ ಚೆಂಡನ್ನ ನಮ್ಮ ಕರು ಎರಡೇ ದಿನದಲ್ಲಿ ಅಗಿದು ಹಾಕ್ತು.

ನಾಗಮಂಗಲದಲ್ಲಿ ವಿಜ್ಞಾನದ ಟೀಚರ್ ಆಗಿರೋ ಮಗಳು ಭಾನುವಾರ ಬಂದಾಗ ತನ್ನ ಹಳೇ ಲ್ಯಾಪ್‌ಟಾಪು, ಗೇರ್ ಕಡ್ಡಿ ಥರದ್ದೊಂದು ಜಾಯ್‌ಸ್ಟಿಕ್ಕು ತಂದು, ರಾಕೆಟ್ ಹಾರಿಸಿ ಚಂದ್ರನ ಮೇಲೆ ಇಳಿಸೋ ಆಟ ಹಾಕಿಕೊಟ್ಟಳು. ಕಡ್ಡಿ ಹಿಡಿದು ಆಡಿದ್ರೆ ಬೆರಳಿಗೆ ಅದೇ ಕಸರತ್ತು ಅಂದಳು. ನನ್ನ ಹೆಂಡತಿ ಒಪ್ಪಿದಳು. ಆದ್ರೆ ಮಾತ್ರೆ ಹೆಂಗೋ ಆಟಾನೂ ಹಂಗೇ, ಊಟ ಆದ್ಮೇಲೇನೇ ಅಂತ ಕಟ್ಟಪ್ಪಣೆ ಮಾಡಿದಳು.

ನಿಂಬೆಹಣ್ಣು

ನಮ್ಮನೇಲಿ ಹೊಸ ಗಾಡಿ ಚಕ್ರದಡಿ ನಿಂಬೆಹಣ್ಣಿಡದೆ ಹೊರಡೋದಿಲ್ಲ. ರಾಕೆಟ್‌ಗೆ ಚಕ್ರ ಇಲ್ಲವಲ್ಲ, ಹೆಂಡತಿ ಲ್ಯಾಪ್‌ಟಾಪ್ ಮುಂದೆ ಒಂದು ಹಣ್ಣಿಟ್ಟು, ಪರದೆಯ ಹಣೆಗೆ ಕುಂಕುಮಾನೂ ಹಚ್ಚಿದಳು. ರಾಕೆಟ್ ಮೇಲೆದ್ದು, ಪಕ್ಕಕ್ಕೆ ವಾಲಿ, ಸಮುದ್ರಕ್ಕೆ ಬಿತ್ತು. ನಿಂಬೆಹಣ್ಣು ತುಳೀದೇನೇ ಹೋದ್ರೆ ಇನ್ನೇನಾಗುತ್ತೆ ಅಂತ ನನ್ನನ್ನೇ ಬೈದು, ಅದೇ ಹಣ್ಣಲ್ಲಿ ಪಾನಕ ಮಾಡಿಕೊಟ್ಟಳು. ಬಾಹ್ಯಾಕಾಶದಿಂದ ನಮ್ಮನೆಗೆ ಆದ ಮೊದಲ ಲಾಭ ಅದೇ.

ಮುಹೂರ್ತ

ಪಕ್ಕದ ಬೀದಿಯ ಅರ್ಚಕರು ಯೋಗಕ್ಷೇಮ ವಿಚಾರಿಸೋಕೆ ಬಂದವರು, ಇದು ರಾಹುಕಾಲ, ಈಗ ಹಾರಿಸಬೇಡಿ ಅಂದ್ರು. ನಾನು ನಕ್ಕುಬಿಟ್ಟೆ. ಆರು ಸಲ ಹಾರಿಸಿದೆ, ಆರು ಸಲಾನೂ ಚಂದ್ರ ಸಿಗಲಿಲ್ಲ. ಮಗಳಿಗೆ ಫೋನ್ ಮಾಡಿದೆ. ಬೇಕಾದಾಗೆಲ್ಲ ಹೊರಟ್ರೆ ಆಗಲ್ಲಪ್ಪ, ಚಂದ್ರ ಸರಿಯಾದ ಜಾಗಕ್ಕೆ ಬರೋವರೆಗೆ ಕಾಯಬೇಕು ಅಂದಳು. ಸ್ಪೀಕರ್‌ನಲ್ಲಿ ಕೇಳಿಸ್ಕೊಂಡ ಅರ್ಚಕರು ಶಲ್ಯ ಸರಿಮಾಡ್ಕೊಂಡು, "ನಾನು ಹೇಳಿದ್ದೂ ಅದೇ ಅಲ್ವೇನಯ್ಯಾ?" ಅಂದ್ರು. ಆವತ್ತಿಂದ ಅವರಿಗೆ ಫೋನ್ ಮಾಡದೆ ನಮ್ಮ ರಾಕೆಟ್ ಹೊರಟಿಲ್ಲ.

ಬಿಂದಿಗೆ

ಹೋಗೋದು ಬಂತು, ಇಳಿಯೋದು ಬರಲಿಲ್ಲ. ಹಳ್ಳ ಬಂದ ಮೇಲೆ ಬ್ರೇಕ್ ಒತ್ತೋ ಅಭ್ಯಾಸ ನಂದು. ಚಂದ್ರನ ಮೇಲೆ ಹಾಗೆ ಮಾಡಿ ಎಷ್ಟು ರಾಕೆಟ್ ಪುಡಿ ಮಾಡಿದೆನೋ ಲೆಕ್ಕ ಇಲ್ಲ. ಕೊನೆಗೆ ಕಡ್ಡಿ ಎಸೆದು, ಈ ಕೈ ಇನ್ನು ಬರಲ್ಲ ಬಿಡು ಅಂತ ಕೂತುಬಿಟ್ಟೆ. ಕಣ್ಣಲ್ಲಿ ನೀರೂ ಬಂತು, ಸುಳ್ಳು ಯಾಕೆ ಹೇಳಲಿ.

ಹೆಂಡತಿ ಕಡ್ಡಿ ಎತ್ತಿ ವಾಪಸ್ ಕೈಗಿಟ್ಟಳು. "ಬಾವಿಗೆ ಬಿಂದಿಗೆ ಇಂಗಾ ಬುಡೋದು? ಒಂಚೂರು ಬುಡಿ, ಹಿಡೀರಿ. ಬುಡಿ, ಹಿಡೀರಿ."

ಅವಳು ಹಿಂದೆ ನಿಂತು ಹೇಳ್ತಾ ಹೋದಳು, ನಾನು ಇಂಜಿನ್ ಬೆಂಕಿ ಒಂದ್ಸಲ ಹೊತ್ತಿಸೋದು, ಒಂದ್ಸಲ ಆರಿಸೋದು ಮಾಡ್ತಾ ಹೋದೆ. ರಾಕೆಟ್ ಮೆಲ್ಲಗೆ ಕಾಲೂರಿ ನಿಂತಿತು. ಕೈ ನೋಡಿಕೊಂಡ್ರೆ ಐದೂ ಬೆರಳು ಕಡ್ಡಿ ಸುತ್ತ ಮಡಚಿಕೊಂಡಿದ್ವು. ಅಲ್ಲೇ ಅವಳಿಗೆ ಕೈ ಮುಗಿದುಬಿಡೋಣ ಅಂತ ನನಗನ್ನಿಸ್ತು.

ಅವಳು, "ಸರಿ, ಈಗ ನೀರ್ ಸೇದಿ" ಅಂದಳು.

ಅಲ್ಲಿ ನೀರಿಲ್ಲ ಅಂದೆ.

"ಮತ್ಯಾಕೆ ಓದ್ರಿ ಅಷ್ಟ್ ದೂರ?"

ಕಲ್ಲು

ಆಮೇಲೆ ಚಂದ್ರನ ಮೇಲೆ ಓಡಾಡೋ ಆರು ಚಕ್ರದ ಗಾಡಿ ಇಳಿಸಿದೆ. ಇಳಿಜಾರಲ್ಲಿ ನಿಲ್ಲಿಸಿ ಹಸುಗೆ ಹುಲ್ಲು ಹಾಕಿ ಬರೋಷ್ಟರಲ್ಲಿ ಗಾಡಿ ಗುಂಡಿ ಒಳಗೆ ಮಗುಚಿಕೊಂಡಿತ್ತು. ಕಬ್ಬಿನ ಗಾಡಿ ಓಡಿಸೋ ನನ್ನ ಗೆಳೆಯ ಕೆ.ಆರ್. ಪೇಟೆಯಿಂದ ನೋಡೋಕೆ ಬಂದಿದ್ದ. "ಟೈರ್‌ಗೆ ಕಲ್ ಕೊಡ್ದೆ ಇಳಿದ್ಯೇನ್ಲಾ?" ಅಂತ ಬೈದ. ತಪ್ಪು ನಂದೇ. ಆಟದಲ್ಲಿ ಕಲ್ಲು ಕೊಡೋ ಬಟನ್ ಎಲ್ಲಿದೆ ಅಂತ ಇಬ್ರೂ ಅರ್ಧ ಗಂಟೆ ಹುಡುಕಿದ್ವಿ. ಚಂದ್ರನ ತುಂಬ ಕಲ್ಲೇ ಕಲ್ಲು, ಇಳಿದು ಕೊಡೋಕೆ ಮಾತ್ರ ಒಬ್ಬ ಕ್ಲೀನರ್ ಇಲ್ಲ.

ಚೀಟಿ

ಕಾರ್ಖಾನೆ ಶುರುವಾಗೋಕೆ ವಾರ ಇದೆ ಅನ್ನುವಾಗ ಡಾಕ್ಟ್ರ ಹತ್ರ ಹೋದ್ವಿ. ತುಂಬಿದ ನೀರಿನ ಲೋಟ ಬಲಗೈಲಿ ಎತ್ತಿ, ಚೆಲ್ಲದಂಗೆ ಮೇಜಿನ ಮೇಲಿಡಿ ಅಂದ್ರು. ಎತ್ತಿದೆ. ಹಿಂದಿನಿಂದ ಮೆಲ್ಲಗೆ ಕೇಳಿಸ್ತು, "ಬುಡಿ, ಹಿಡೀರಿ. ಬುಡಿ, ಹಿಡೀರಿ." ಲೋಟ ಇಳೀತು, ಒಂದು ಹನಿ ಚೆಲ್ಲಲಿಲ್ಲ.

ಗಾಡಿ ಓಡಿಸಬಹುದು ಅಂದ್ರು ಡಾಕ್ಟ್ರು. ಚೆಂಡು ಇಷ್ಟು ಕೆಲಸ ಮಾಡ್ತಾ ಅಂತ ಅವರಿಗೇ ಆಶ್ಚರ್ಯ. ಹೆಂಡತಿ ಕರು ಕಥೆಯಿಂದ ಹಿಡಿದು ಎಲ್ಲಾ ಒಪ್ಪಿಸಿ, ಕೊನೆಗೆ ಕೇಳಿದಳು: "ಇವರನ್ನ ಚಂದ್ರಲೋಕಕ್ಕೆ ಊಟ ಆದ್ಮೇಲೆ ಕಳುಸ್ತಿದ್ದೆ ಸಾರ್. ಮಂಗಳ ಗ್ರಹಕ್ಕೆ ಊಟಕ್ ಮುಂಚೇನಾ, ಆಮೇಲಾ?"

ಡಾಕ್ಟ್ರು ಕನ್ನಡಕ ತೆಗೆದು ಕಣ್ಣೊರೆಸ್ಕೊಂಡು ನಕ್ಕು, ಮಾತ್ರೆ ಹೆಸರಿನ ಕೆಳಗೆ ಅದನ್ನೂ ಗೀಚಿಕೊಟ್ರು: ಮಂಗಳ, ದಿನಕ್ಕೊಂದು, ಊಟದ ನಂತರ.

ಔಷಧಿ ಅಂಗಡಿಯವನು ಚೀಟಿ ಹಿಡ್ಕೊಂಡು ಕಪಾಟೆಲ್ಲ ತಡಕಾಡಿ ಬಂದ. "ಕೊನೇದೊಂದು ನಮ್ಮಲ್ಲಿಲ್ಲ ಯಜಮಾನ್ರೇ, ಮೈಸೂರಲ್ಲಿ ಸಿಗ್ಬೋದು ನೋಡಿ."